ನಲ್ಲಿಗೆ ಹಣ ಕೊಟ್ಟಿರಿ, ಒರತೆ ಕಾಯುವವರಿಗೂ ಕೊಡಿ

ಶಿವಮೊಗ್ಗ ಜಿಲ್ಲಾ ಪಂಚಾಯಿತಿಯ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಗಳಿಗೆ, ಜಿಲ್ಲೆಯ ಶಾಸಕರಿಗೆ, ಮತ್ತು ತುಂಗೆಯ ನೀರು ಕುಡಿಯುವ ಎಲ್ಲರಿಗೂ,

ನಮಸ್ಕಾರ.

ನಾನು ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಹಳ್ಳಿಯವಳು. ಊರಲ್ಲಿ 31 ಮನೆ. ಒಂದು ಎಕರೆಗೂ ಕಮ್ಮಿ ಅಡಿಕೆ ತೋಟ, ಎರಡು ಹಸು, ಇಷ್ಟೇ ನಮ್ಮ ಬದುಕು. ನಾಲ್ಕು ವರ್ಷದಿಂದ ನಮ್ಮೂರಿನ ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿದ್ದೇನೆ. ನೀರು ಪರೀಕ್ಷೆ ಮಾಡಲು ತರಬೇತಿ ಪಡೆದ ಐದು ಹೆಂಗಸರಲ್ಲಿ ನಾನೂ ಒಬ್ಬಳು. ಹಣ ಕೇಳಲು ಈ ಪತ್ರ ಬರೆಯುತ್ತಿದ್ದೇನೆ. ಯಾವುದಕ್ಕೆ, ಎಷ್ಟು, ಯಾಕೆ ಅಂತ ಪೂರ್ತಿ ಹೇಳುತ್ತೇನೆ. ದಯವಿಟ್ಟು ಕೊನೆವರೆಗೆ ಓದಿ.

ಎರಡು ವರ್ಷದ ಹಿಂದೆ, ಆರಿದ್ರಾ ಮಳೆ ಹಿಡಿದ ವಾರ, ಊರಿನ ನಾಲ್ಕು ಮಕ್ಕಳಿಗೆ ಒಟ್ಟಿಗೆ ವಾಂತಿ ಭೇದಿ ಶುರುವಾಯಿತು. ಅದರಲ್ಲಿ ಒಂದು ನನ್ನ ಮೈದುನನ ಮಗು. ಮೂರು ವರ್ಷದ್ದು. ಎರಡು ದಿನದಲ್ಲಿ ಕಣ್ಣು ಗುಳಿಬಿದ್ದು, ತುಟಿ ಒಣಗಿ, ಎತ್ತಿಕೊಂಡರೆ ಹತ್ತಿಯ ಹಾಗೆ ಹಗುರ. ಹೊರಗೆ ಕೈ ಚಾಚಿದರೆ ಕೈ ಕಾಣದಂಥ ಮಳೆ. ಜೀಪು ಮಾಡಿಕೊಂಡು ಆಸ್ಪತ್ರೆಗೆ ಹೋದೆವು. ಮಗು ಉಳಿಯಿತು. ಹೊರಡುವಾಗ ಡಾಕ್ಟರು ಒಂದೇ ಮಾತು ಕೇಳಿದರು: "ನೀವು ಕುಡಿಯೋ ನೀರು ಎಲ್ಲಿಂದ ಬರ್ತದೆ?"

ನಮ್ಮ ನೀರು ಗುಡ್ಡದ ಮೇಲಿನ ಒರತೆಯಿಂದ ಬರುತ್ತದೆ. ನಮ್ಮಜ್ಜಿಯ ಕಾಲದಲ್ಲಿ ಅಡಿಕೆ ಮರದ ದಂಬೆ ಇಟ್ಟು ಅಬ್ಬಿ ನೀರನ್ನು ಅಂಗಳಕ್ಕೆ ತರುತ್ತಿದ್ದರು. ಈಗ ಒರತೆಯ ಬಾಯಿಗೆ ಸಿಮೆಂಟ್ ತೊಟ್ಟಿ, ಅಲ್ಲಿಂದ ಪೈಪು, ಶಾಲೆಯ ಪಕ್ಕ ಟ್ಯಾಂಕು, ಟ್ಯಾಂಕಿನಿಂದ ಮನೆಮನೆಗೆ ನಲ್ಲಿ. ಇದಕ್ಕೆ ನಾವು ಋಣಿ. 2019ರಲ್ಲಿ ಜಲ ಜೀವನ್ ಮಿಷನ್ ಶುರುವಾಗಿ, ನಮ್ಮ ರಾಜ್ಯದಲ್ಲಿ 'ಮನೆ ಮನೆಗೆ ಗಂಗೆ' ಅಂತ ಬಂದಮೇಲೆ ನಮ್ಮ ಸೊಂಟಕ್ಕೆ ಕೊಡ ಹೊರುವ ಕೆಲಸ ತಪ್ಪಿತು. ಒಬ್ಬರಿಗೆ ದಿನಕ್ಕೆ 55 ಲೀಟರ್ ಅಂತ ಲೆಕ್ಕ. ನೀರು ಬರುತ್ತದೆ. ಎಂಥ ನೀರು ಬರುತ್ತದೆ ಅನ್ನುವುದು ಆ ಮಳೆಗಾಲದಲ್ಲಿ ನಮಗೆ ಗೊತ್ತಾಯಿತು.

ತರಬೇತಿಯಲ್ಲಿ ನಮಗೆ ಒಂದು ಕಿಟ್ ಕೊಟ್ಟಿದ್ದರು. ಅದರ ಜೊತೆ ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡ ಬಾಟಲಿಗಳು. ಗುರುತಿನವರೆಗೆ ನೀರು ತುಂಬಿ, ಮುಚ್ಚಿ, ಬೆಚ್ಚಗಿನ ಜಾಗದಲ್ಲಿ ಒಂದೆರಡು ದಿನ ಇಡಬೇಕು. ನೀರಿಗೆ ಹೇಲಿನ, ಸಗಣಿಯ ಕಲ್ಮಶ ಸೇರಿದ್ದರೆ ಕಪ್ಪಾಗುತ್ತದೆ. ಇಷ್ಟೇ ಪರೀಕ್ಷೆ. ಓದು ಬಾರದವರೂ ಮಾಡಬಹುದು. ಆದರೆ ಆಷಾಢದ ಮಲೆನಾಡಿನಲ್ಲಿ ಬೆಚ್ಚಗಿನ ಜಾಗ ಎಲ್ಲಿದೆ? ನಮ್ಮತ್ತೆ ಹೇಳಿದರು, ಬಚ್ಚಲ ಒಲೆ ಪಕ್ಕ ಇಡಿ ಅಂತ. ಬಚ್ಚಲ ಒಲೆ ಮಳೆಗಾಲ ಪೂರ್ತಿ ಆರುವುದಿಲ್ಲ.

ನಾವು ನಾಲ್ಕು ಬಾಟಲಿ ತುಂಬಿದೆವು. ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ಹೆಸರು ಬರೆದೆವು. 'ಶಾಲೆ ನಲ್ಲಿ', 'ಟ್ಯಾಂಕ್', 'ತೊಟ್ಟಿ', 'ಒರತೆ ಕಣ್ಣು'. ಹುಲ್ಲು ಹಾಸಿದ ಬುಟ್ಟಿಯಲ್ಲಿಟ್ಟು ಒಲೆಯ ಬದಿಗೆ ಇಟ್ಟೆವು. ಮರುದಿನ ಬೆಳಿಗ್ಗೆ ಹಂಡೆಗೆ ಬೆಂಕಿ ಹಾಕಲು ಹೋದಾಗ ನೋಡಿದೆ. ಮೊದಲ ಮೂರೂ ಮಸಿ ಬಳಿದ ಹಾಗೆ ಆಗುತ್ತಿದ್ದವು. ಸಂಜೆ ಹೊತ್ತಿಗೆ ಕಾಡಿಗೆಯಷ್ಟು ಕಪ್ಪು. ಒರತೆ ಕಣ್ಣಿನದು ಮಾತ್ರ ಬಣ್ಣ ಬದಲಿಸಲಿಲ್ಲ. ಅಂದರೆ ಭೂಮಿಯಿಂದ ಬರುವ ನೀರು ಚೆನ್ನಾಗಿಯೇ ಇತ್ತು. ತೊಟ್ಟಿಗೆ ಬಂದು ಕೆಡುತ್ತಿತ್ತು.

ಕೊಡೆ ಹಿಡಿದು ಐದೂ ಜನ ಗುಡ್ಡ ಹತ್ತಿದೆವು. ಕಾಲಿಗೆ ಸುಣ್ಣ, ಹೊಗೆಸೊಪ್ಪಿನ ನೀರು ಹಚ್ಚಿಕೊಂಡರೂ ಉಂಬಳ, ಅಂದರೆ ಜಿಗಣೆ, ಬಿಡಲಿಲ್ಲ. ತೊಟ್ಟಿಯ ಮೇಲಿನ ಹಾಸು ಒಂದು ಮೂಲೆಯಲ್ಲಿ ಬಿರುಕು ಬಿಟ್ಟು ಕೈ ತೂರುವಷ್ಟು ಸಂದಿಯಾಗಿತ್ತು. ಕೆಲಸ ಮಾಡಿದವರು ಅದನ್ನು ಸರಿಯಾಗಿ ಮುಚ್ಚಿರಲಿಲ್ಲ. ಮೇಲಿಂದ ಕೆಂಪು ನೀರು ಸಣ್ಣ ತೊರೆಯಾಗಿ ಹರಿದು ಬಂದು ಸೀದಾ ಆ ಸಂದಿಗೆ ಇಳಿಯುತ್ತಿತ್ತು. ತೊರೆಯ ಜಾಡು ಹಿಡಿದು ಮೇಲೆ ಹೋದರೆ ಒಂದು ಗೊಬ್ಬರಗುಂಡಿ. ಗುಂಡಿ ತುಂಬಿ ತುಳುಕುತ್ತಿತ್ತು. ಅದು ಊರಲ್ಲಿ ಎಲ್ಲರೂ ದೊಡ್ಡಪ್ಪ ಅಂತ ಕರೆಯುವ ಹಿರಿಯರ ಮನೆಯದು.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ. ನೀವು ಗಮನಿಸಬೇಕಾದ್ದು ಇದೇ ಜಾಗ.

ಸಾಹೇಬರು ಬಂದು ದೊಡ್ಡಪ್ಪನಿಗೆ ನೋಟಿಸ್ ಕೊಡಬಹುದಿತ್ತು. ಕೊಟ್ಟಿದ್ದರೆ ಅವರು ಒಂದು ಗುಂಡಿ ಮುಚ್ಚಿ ಇನ್ನೊಂದು ತೋಡುತ್ತಿದ್ದರು, ಊರಿನ ಅರ್ಧ ಮನೆಗಳು ಅವರ ಪರ ನಿಲ್ಲುತ್ತಿದ್ದವು, ಮುಂದಿನ ವರ್ಷ ಗೌರಿ ಹಬ್ಬಕ್ಕೆ ಬಾಗಿನ ಕೊಡಲು ಯಾರೂ ಯಾರ ಮನೆಗೂ ಹೋಗುತ್ತಿರಲಿಲ್ಲ. ನಾವು ಏನು ಮಾಡಿದೆವು ಅಂದರೆ, ಐದೂ ಜನ ಅವರ ಮನೆ ಜಗಲಿಯಲ್ಲಿ ಹೋಗಿ ಕೂತೆವು. ದೊಡ್ಡಮ್ಮ ಕಾಫಿ ಕೊಟ್ಟರು. ಮಳೆ ವಿಷಯ, ಅಡಿಕೆಯ ಕೊಳೆ ರೋಗದ ವಿಷಯ ಎಲ್ಲ ಆಯಿತು. ಆಮೇಲೆ ನಾನು ವಿಷಯ ತೆಗೆದೆ. ಅವರಿಗೆ ಸಿಟ್ಟು ಬಂತು. "ನಮ್ಮಜ್ಜನ ಕಾಲದಿಂದ ಗುಂಡಿ ಇಲ್ಲೇ ಇದೆ, ಆಗ ಯಾರೂ ಸಾಯಲಿಲ್ಲ, ಈಗ ನಿಮಗೆ ಬಂತಾ?" ಅಂದರು. ಅವರ ಮಾತಲ್ಲಿ ತಪ್ಪಿರಲಿಲ್ಲ. ಅಜ್ಜನ ಕಾಲದಲ್ಲಿ ಒರತೆ ಬಾಯಲ್ಲಿ ತೊಟ್ಟಿ ಇರಲಿಲ್ಲ, ಒಂದೇ ತೊಟ್ಟಿಯಿಂದ 31 ಮನೆಗೆ ನೀರು ಹೋಗುತ್ತಲೂ ಇರಲಿಲ್ಲ. ನಾನು ಸೆರಗಿನ ತುದಿಯಿಂದ ಕಪ್ಪು ಬಾಟಲಿ ತೆಗೆದು ಅವರ ಕೈಗೆ ಕೊಟ್ಟೆ. ಒರತೆ ಕಣ್ಣಿನ ಬಾಟಲಿಯನ್ನೂ ಕೊಟ್ಟೆ. ಅವರು ಬಾಗಿಲ ಬೆಳಕಿಗೆ ಎರಡನ್ನೂ ಹಿಡಿದು ಬಹಳ ಹೊತ್ತು ನೋಡಿದರು. "ಆ ಮಗು ಹೇಗಿದೆ ಈಗ?" ಅಂತ ಕೇಳಿದರು. ಆಮೇಲೆ ಅಂದರು: "ಅಗಳ ಹೊಡೆಯೋಕೆ ಯಾವತ್ತು ಬರ್ತೀರಿ?"

ಎರಡು ದಿನದ ಕೆಲಸ. ಗುಂಡಿಯ ಕೆಳಗೆ ಅಡ್ಡಡ್ಡ ಅಗಳ, ಅಂದರೆ ಕಂದಕ, ತೆಗೆದು ಮಳೆನೀರನ್ನು ಪಕ್ಕದ ಹಾಡ್ಯದ (ಕುರುಚಲು ಕಾಡಿನ) ಕಡೆ ತಿರುಗಿಸಿದೆವು. ತೊಟ್ಟಿಯ ಸಂದಿ ಮುಚ್ಚಿ, ಸುತ್ತ ಬೇಲಿ ಹಾಕಿ, ತೂಬಿನ ಬಾಯಿಗೆ ಜಾಲರಿ ಕಟ್ಟಿದೆವು. ಮಳೆ ಕಳೆದ ಮೇಲೆ ದೊಡ್ಡಪ್ಪ ತಾವಾಗಿಯೇ ಗುಂಡಿಯನ್ನು ಒರತೆಯ ಕೆಳಗಿನ ಭಾಗಕ್ಕೆ ಸಾಗಿಸಿದರು. ಆಳುಗಳ ಕೆಲಸ ಶ್ರಮದಾನ. ಸಿಮೆಂಟು, ಮರಳು, ಜಾಲರಿ, ತಂತಿಗೆ ಮನೆಗೆ 150 ರೂಪಾಯಿ ಹಾಕಿ 4,650 ರೂಪಾಯಿ ಒಟ್ಟು ಮಾಡಿದೆವು. ಮೂರು ವಾರ ಬಿಟ್ಟು ಮತ್ತೆ ಪರೀಕ್ಷೆ. ನಾಲ್ಕೂ ಬಾಟಲಿ ಬಣ್ಣ ಬದಲಿಸಲಿಲ್ಲ. ಆವತ್ತು ನನಗೆ ಆದ ಖುಷಿ ಹೇಳಲು ಬರುವುದಿಲ್ಲ.

ಇಷ್ಟಾದ ಮೇಲೆ ಬಾಟಲಿ ಖಾಲಿ. ಕಿಟ್‌ನ ಉಳಿದ ದ್ರಾವಣಗಳ ಅವಧಿಯೂ ಮುಗಿದಿತ್ತು. ಹೊಸದು ಕೇಳಲು ಹೋದೆವು. ಒಂದು ಕಚೇರಿಯಲ್ಲಿ ಇನ್ನೊಂದು ಕಡೆ ಕೇಳಿ ಅಂದರು. ಆ ಇನ್ನೊಂದು ಕಡೆ, ಈ ಸಾಲಿಗೆ ಬಂದಿಲ್ಲ ಅಂದರು. ಮೂರನೇ ಸಲ ಹೋದಾಗ ಅಲ್ಲಿದ್ದ ಗುಮಾಸ್ತರು ನಿಜವಾಗಿ ಬೇಜಾರಿನಿಂದಲೇ ಹೇಳಿದರು, "ಅದಕ್ಕೆ ಲೆಕ್ಕಶೀರ್ಷಿಕೆ ಇಲ್ಲಮ್ಮ." ಅಂದರೆ ಸರ್ಕಾರದ ಲೆಕ್ಕದಲ್ಲಿ ಇಂಥ ಖರ್ಚಿಗೆ ಅಂತ ಬೇರೆ ಸಾಲೇ ಇಲ್ಲ. ಅವರನ್ನು ದೂರುವುದಿಲ್ಲ. ಅವರ ಕೈಯಲ್ಲಿ ಇಲ್ಲದ್ದನ್ನು ಅವರು ಎಲ್ಲಿಂದ ಕೊಡುತ್ತಾರೆ? ಮೂರು ಸಲ ಬಸ್ಸು, ಮೂರು ದಿನದ ಕೂಲಿ ಹೋಯಿತು. ಬಾಟಲಿ ಬರಲಿಲ್ಲ.

ನಿಯಮ ಓದಿದರೆ ಹಣ ಇದೆ. ಜಲ ಜೀವನ್ ಮಿಷನ್‌ನಲ್ಲಿ ನೀರಿನ ಗುಣಮಟ್ಟ ನೋಡಲು ಅನುದಾನದ ಶೇ. 2ರಷ್ಟು, ಜನರನ್ನು ಸಿದ್ಧ ಮಾಡುವಂಥ ಬೆಂಬಲ ಕೆಲಸಗಳಿಗೆ ಶೇ. 5ರವರೆಗೆ ಬಳಸಬಹುದು. ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಪ್ರತಿ ನೀರಿನ ಮೂಲಕ್ಕೂ ವರ್ಷಕ್ಕೆ ಒಂದು ಸಲ ರಾಸಾಯನಿಕ ಪರೀಕ್ಷೆ, ಮಳೆಗಾಲದ ಮುಂಚೆ ಒಂದು, ಆಮೇಲೆ ಒಂದು ರೋಗಾಣು ಪರೀಕ್ಷೆ ಆಗಬೇಕು. 15ನೇ ಹಣಕಾಸು ಆಯೋಗ 2021ರಿಂದ 26ರವರೆಗೆ ಪಂಚಾಯಿತಿಗಳಿಗೆ ಕೊಟ್ಟ ಅನುದಾನದಲ್ಲಿ ಶೇ. 60 ನೀರು ಮತ್ತು ನೈರ್ಮಲ್ಯಕ್ಕೇ ಮೀಸಲಾಗಿತ್ತು, ಅದರಲ್ಲಿ ಅರ್ಧ ಕುಡಿಯುವ ನೀರು, ಮಳೆನೀರು ಸಂಗ್ರಹದಂಥ ಕೆಲಸಕ್ಕೆ. ಇಷ್ಟೆಲ್ಲ ಕಾಗದದಲ್ಲಿದೆ. ಹಣ ಹೊರಡುವುದೇನೋ ಹೊರಡುತ್ತದೆ. ಆದರೆ ಪೈಪು, ಟ್ಯಾಂಕು, ಮೋಟರು ಅಂತ ಕಣ್ಣಿಗೆ ಕಾಣುವ ಕಾಮಗಾರಿಗೆ ಹೋಗಿ ಸೇರುತ್ತದೆ. ಟ್ಯಾಂಕಿಗೆ ಬಿಲ್ ಮಾಡಬಹುದು. ಮಳೆಯಲ್ಲಿ ಗುಡ್ಡ ಹತ್ತಿ ತೊಟ್ಟಿ ನೋಡಿ ಬರುವ ಹೆಂಗಸಿಗೆ ಯಾವ ಬಿಲ್ ಮಾಡುತ್ತೀರಿ?

ಯೋಜನೆ ಬರುವಾಗ ನಾವೂ ನಮ್ಮ ಪಾಲು ಹಾಕಿದ್ದೇವೆ. ಊರೊಳಗಿನ ಕಾಮಗಾರಿಗೆ ಗುಡ್ಡಗಾಡಿನವರು ಶೇ. 5, ಉಳಿದವರು ಶೇ. 10 ಸಮುದಾಯದ ವಂತಿಗೆ ಅಂತ ನಿಯಮ. ನಾವು ಕೈಯಿಂದ ಕೊಟ್ಟದ್ದಕ್ಕೆ ಬೇಸರವಿಲ್ಲ. ಆದರೆ ಕೊಡುವಾಗ ನಾವು ಸಮುದಾಯ, ಕೇಳುವಾಗ ಮಾತ್ರ ಲೆಕ್ಕಶೀರ್ಷಿಕೆ ಇಲ್ಲದವರು ಅನ್ನುವ ಹಾಗೆ ಆಗಬಾರದು ಅಲ್ವಾ?

ಮಲೆನಾಡಲ್ಲಿ ನೀರಿಗೇನು ಬರ ಅಂತ ಬಯಲುಸೀಮೆಯ ನೆಂಟರು ಕೇಳುತ್ತಾರೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್‌ಗೂ ಜಾಸ್ತಿ ಮಳೆ. ಅದೇ ತಾಲ್ಲೂಕಿನ ಹಳ್ಳಿಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ಬಾವಿ ತಳ ಕಾಣುತ್ತದೆ. ಮಳೆಗಾಲದ್ದು ಬೇರೆಯದೇ ಕಷ್ಟ. ನಮ್ಮ ನೆಲ ಜಂಬಿಟ್ಟಿಗೆ ಕಲ್ಲಿನದು. ಜೇನುಗೂಡಿನ ಹಾಗೆ ತೂತು. ಮಳೆನೀರು ಬೇಗ ಇಂಗುತ್ತದೆ, ಪಾಯಿಖಾನೆ ಗುಂಡಿಯ ನೀರೂ ಅಷ್ಟೇ ಬೇಗ ಬಾವಿಗೆ ಹೋಗುತ್ತದೆ. ಜುಲೈನಲ್ಲಿ ಬಾವಿಯ ನೀರು ಕೈಗೆ ಎಟಕುವಷ್ಟು ಮೇಲೆ ಬರುತ್ತದೆ. ಆಗ ಗುಂಡಿಗೂ ಬಾವಿಗೂ ನಡುವೆ ಇರುವುದು ನೆನೆದ ನೆಲ ಮಾತ್ರ. ಕಾಮಾಲೆ, ಟೈಫಾಯ್ಡ್ ಮಳೆಗಾಲದ ನೆಂಟರಂತೆ ಬರುವುದು ಇದರಿಂದಲೇ. ಉದ್ಯೋಗ ಖಾತರಿಯಲ್ಲಿ ಬಚ್ಚಲು ಗುಂಡಿ ಮಾಡಿಸಿಕೊಂಡಿದ್ದು ಬಹಳ ಉಪಕಾರವಾಗಿದೆ. ಆದರೆ ಯಾವ ಗುಂಡಿ ಯಾವ ಬಾವಿಯ ಮೇಲ್ಗಡೆ ಇದೆ ಅನ್ನುವುದನ್ನು ನೋಡಲು ಊರಿನ ನಕ್ಷೆ ಬೇಕು. ಅದನ್ನು ನಾವೇ ಒಂದು ಕ್ಯಾಲೆಂಡರ್‌ನ ಹಿಂಬದಿಯಲ್ಲಿ ಬರೆದಿದ್ದೇವೆ.

ಇನ್ನು ತೋಟ. ಕೊಳೆ ರೋಗಕ್ಕೆ ಬೋರ್ಡೋ ಹೊಡೆಯದೆ ಅಡಿಕೆ ಉಳಿಯುವುದಿಲ್ಲ. ಮೈಲುತುತ್ತ, ಸುಣ್ಣ ಕಲಸಿ ಮಳೆಗಾಲದ ಮುಂಚೆ ಒಂದು ಸಲ, ಆಮೇಲೆ ನಲವತ್ತು ನಲವತ್ತೈದು ದಿನಕ್ಕೆ ಇನ್ನೊಂದು ಸಲ. ಹೊಡೆದು ಮುಗಿದ ಮೇಲೆ ಡ್ರಮ್ಮು, ಪೈಪು ಎಲ್ಲಿ ತೊಳೆಯುತ್ತಾರೆ? ಹಳ್ಳದಲ್ಲಿ. ಮೈಲುತುತ್ತ ಅಂದರೆ ತಾಮ್ರ. ಕಳೆನಾಶಕದ ಕ್ಯಾನುಗಳೂ ಹಳ್ಳದ ದಂಡೆಯಲ್ಲೇ ಬಿದ್ದಿರುತ್ತವೆ. ಅಡಿಕೆ ಬೇಯಿಸಿದ ಚೊಗರು ನೀರು ಸುಗ್ಗಿಯಲ್ಲಿ ಹಳ್ಳಕ್ಕೆ ಸೇರುತ್ತದೆ. ನಾನೂ ಬೆಳೆಗಾರಳು. ನಮ್ಮ ಮನೆಯ ಡ್ರಮ್ಮೂ ಎಷ್ಟೋ ವರ್ಷ ಹಳ್ಳದಲ್ಲೇ ತೊಳೆದಿದೆ. ಹೋದ ವರ್ಷದಿಂದ ಊರವರೆಲ್ಲ ಸೇರಿ, ಹಳ್ಳದಿಂದ ದೂರ ಎರಡು ಜಾಗ ಗೊತ್ತು ಮಾಡಿದ್ದೇವೆ, ಅಲ್ಲೇ ತೊಳೆಯಬೇಕು ಅಂತ. ಹೆಚ್ಚಿನವರು ಪಾಲಿಸುತ್ತಾರೆ. ಆದರೆ ನಮಗೆ ಕೊಟ್ಟ ಕಿಟ್‌ನಲ್ಲಿ ತಾಮ್ರದ ಪರೀಕ್ಷೆ ಇರಲಿಲ್ಲ. ಅದಕ್ಕೆ ನೀರನ್ನು ಪ್ರಯೋಗಾಲಯಕ್ಕೆ ಒಯ್ಯಬೇಕು. ಒಯ್ಯಲು ಒಬ್ಬರ ಒಂದು ದಿನ ಬೇಕು, ಬಸ್ ಚಾರ್ಜು ಬೇಕು.

ನಮ್ಮ ಹಳ್ಳ ಮಾಲತಿಗೆ ಸೇರುತ್ತದೆ. ಮಾಲತಿ ತುಂಗೆಗೆ. ತುಂಗೆ ಮಂಡಗದ್ದೆ ದಾಟಿ, ಗಾಜನೂರು ಅಣೆಕಟ್ಟೆಗೆ ಬಂದು, ಶಿವಮೊಗ್ಗದ ಜನರ ಕೊಡ ತುಂಬಿ, ಕೂಡ್ಲಿಯಲ್ಲಿ ಭದ್ರೆಯನ್ನು ಕೂಡುತ್ತದೆ. 'ಗಂಗಾ ಸ್ನಾನ, ತುಂಗಾ ಪಾನ' ಅಂತ ನಮ್ಮ ಹಿರಿಯರು ಹೇಳಿದ್ದು ಈ ನೀರಿನ ರುಚಿಗೆ. ಹಾಗಾಗಿ ಈ ಪತ್ರ ಪೇಟೆಯವರಿಗೂ. ನಿಮ್ಮ ನಲ್ಲಿಯ ನೀರು ನಮ್ಮ ತೋಟದ ಕಾಲುವೆಯಲ್ಲಿ ಒಂದು ಸಲ ಹರಿದು ಬಂದಿರುತ್ತದೆ. ನಾವು ಡ್ರಮ್ಮನ್ನು ದೂರ ತೊಳೆದರೆ ಅದರ ಉಪಕಾರ ನಿಮಗೂ ಇದೆ. ಪೇಟೆಯ ನೀರಿನ ಕಂದಾಯದಲ್ಲಿ ಒಂದು ಸಣ್ಣ ಪಾಲು ಮೇಲಿನ ಹಳ್ಳಿಗಳ ಒರತೆ ಕಾಯಲು ಬರಲಿ ಅಂತ ಕೇಳಿದರೆ ಅದು ಜಾಸ್ತಿಯಾಗುತ್ತದಾ? ನನಗೆ ಹಾಗನ್ನಿಸುವುದಿಲ್ಲ.

ಜನ ಎದ್ದರೆ ನದಿ ಉಳಿಯುತ್ತದೆ ಅನ್ನುವುದಕ್ಕೆ ನಮ್ಮ ಸೀಮೆ ಸಾಕ್ಷಿ. ಭದ್ರೆಯ ನೆತ್ತಿಯ ಮೇಲಿದ್ದ ಕುದುರೆಮುಖದ ಗಣಿ ವರ್ಷಾನುಗಟ್ಟಲೆ ಹೋರಾಟದ ಮೇಲೆ, ಸುಪ್ರೀಂ ಕೋರ್ಟಿನ ಆದೇಶದಂತೆ, 2005ರ ಕೊನೆಗೆ ನಿಂತಿತು. 2024ರಲ್ಲಿ ತುಂಗಭದ್ರೆ ನಿರ್ಮಲವಾಗಲಿ ಅಂತ ಶೃಂಗೇರಿಯಿಂದ ಕಿಷ್ಕಿಂಧೆಯ ಕಡೆಗೆ ಜನ ನಡೆದರು. ಅದಕ್ಕೂ ಹಿಂದೆ, 1868ರಲ್ಲೇ, ಬ್ರಾಂಡಿಸ್ ಮತ್ತು ಗ್ರಾಂಟ್ ಅನ್ನುವ ಅಧಿಕಾರಿಗಳು ಸೊರಬದ ಕಾನುಗಳ ಬಗ್ಗೆ ವರದಿ ಬರೆದಿದ್ದರು. ಊರವರು ಮೆಣಸು, ಬಗನಿ, ಬೆತ್ತಕ್ಕಾಗಿ ಉಳಿಸಿಕೊಂಡು ಬಂದ ಕಾಡು ಅದು. ಕಾನಿನ ಬುಡದಲ್ಲಿ ನೀರಿರುತ್ತದೆ ಅಂತ ಇಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಮ್ಮ ಒರತೆಯೂ ಒಂದು ಸಣ್ಣ ಕಾನಿನ ಬುಡದಲ್ಲೇ ಇದೆ.

ಈಗ ಲೆಕ್ಕ ಹೇಳುತ್ತೇನೆ. ನಾವು ಐದು ಜನ, ಒಬ್ಬೊಬ್ಬರೂ ತಿಂಗಳಿಗೆ ಎರಡು ಅರ್ಧ ದಿನ ಈ ಕೆಲಸಕ್ಕೆ ಕೊಡುತ್ತೇವೆ. ತೊಟ್ಟಿ ನೋಡುವುದು, ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸರಿಯಾಗಿ ಬಿತ್ತಾ ಅಂತ ಕೊನೆಯ ಮನೆಯ ನಲ್ಲಿಯಲ್ಲಿ ಪರೀಕ್ಷೆ ಮಾಡುವುದು, ಬಾವಿಗಳ ನೀರು ತರುವುದು, ಪುಸ್ತಕದಲ್ಲಿ ಬರೆಯುವುದು. ಒಟ್ಟು ತಿಂಗಳಿಗೆ ಐದು ಆಳಿನ ದಿನ. ಉದ್ಯೋಗ ಖಾತರಿಯ 2025-26ರ ಕೂಲಿ ದಿನಕ್ಕೆ 370 ರೂಪಾಯಿ. ಅದನ್ನೇ ಹಿಡಿದರೆ ವರ್ಷಕ್ಕೆ 22,200 ರೂಪಾಯಿ. ಬಾಟಲಿ, ದ್ರಾವಣ, ಪ್ರಯೋಗಾಲಯಕ್ಕೆ ಹೋಗಿಬರುವ ಖರ್ಚು, ಬೇಲಿ ಅಗಳದ ಸಣ್ಣ ರಿಪೇರಿ ಸೇರಿ ಇನ್ನು ಎಂಟು ಸಾವಿರ. ಒಟ್ಟು 30 ಸಾವಿರದ ಆಸುಪಾಸು. ಒಂದು ಊರಿಗೆ, ಒಂದು ವರ್ಷಕ್ಕೆ. ಕೂಲಿ ಯಾಕೆ, ಸೇವೆ ಅಂತ ಮಾಡಬಾರದಾ ಅಂತ ಕೆಲವರು ಕೇಳಿದ್ದಾರೆ. ನಮ್ಮಲ್ಲಿ ಇಬ್ಬರು ಅಡಿಕೆ ಸುಲಿಯಲು ಹೋಗುವವರು. ಆವತ್ತು ಗುಡ್ಡ ಹತ್ತಿದರೆ ಅವರ ಮನೆಯಲ್ಲಿ ಆ ದಿನದ ದುಡ್ಡಿಲ್ಲ. ಪೈಪು ಹೂತವರಿಗೆ ಕೂಲಿ ಸಿಕ್ಕಿದೆ. ನೀರು ಕಾಯುವವರಿಗೂ ಸಿಗಬೇಕು.

ಈ ಹಣ ಪ್ರತಿ ವರ್ಷ ತಪ್ಪದೆ ಬರಲಿ. ಗ್ರಾಮ ಪಂಚಾಯಿತಿಯ ಖಾತೆಯಲ್ಲೇ ಇರಲಿ, ಆದರೆ ನೀರು ಸಮಿತಿಯ ಹೆಸರಲ್ಲಿ ಬೇರೆಯಾಗಿ ಬರೆದಿರಲಿ. ಯಾವುದಕ್ಕೆ ಖರ್ಚು ಅಂತ ಸಮಿತಿ ತೀರ್ಮಾನಿಸಲಿ, ಯಾಕೆಂದರೆ ನಮ್ಮೂರಿಗೆ ಅಗಳ ಬೇಕಿದ್ದರೆ ಪಕ್ಕದ ಊರಿಗೆ ಬಾವಿಕಟ್ಟೆ ಬೇಕಿರುತ್ತದೆ. ಮೇಲಿಂದ ಒಂದೇ ಅಳತೆಯ ಕಾಮಗಾರಿ ಬೇಡ. ಲೆಕ್ಕವನ್ನು ಗ್ರಾಮಸಭೆಯಲ್ಲಿ ಓದುತ್ತೇವೆ. ಪರೀಕ್ಷೆಯ ಫಲಿತಾಂಶವನ್ನು, ಕೆಟ್ಟದ್ದು ಬಂದರೂ, ಶಾಲೆಯ ಗೋಡೆಯ ಮೇಲೆ ಬರೆಯುತ್ತೇವೆ. ಹೆಂಗಸರ ಕೈಗೆ ದುಡ್ಡು ಕೊಟ್ಟರೆ ಲೆಕ್ಕ ಸಿಗುತ್ತದಾ ಅಂತ ಯಾರಿಗಾದರೂ ಅನುಮಾನವಿದ್ದರೆ ನಮ್ಮ ಸ್ತ್ರೀಶಕ್ತಿ ಸಂಘದ ಪುಸ್ತಕ ಬಂದು ನೋಡಿ. ಹದಿನೆಂಟು ವರ್ಷದ ಉಳಿತಾಯ, ಸಾಲ ಎಲ್ಲ ಅದರಲ್ಲಿದೆ. ಒಂದು ರೂಪಾಯಿ ಹೆಚ್ಚುಕಮ್ಮಿ ಆಗಿಲ್ಲ.

ಇನ್ನೊಂದು ಮಾತು. ನಾವು ಕೆಟ್ಟ ನೀರು ಕಂಡು ಹೇಳಿದರೆ, ಹೇಳಿದ ಮೇಲೆ ಯಾರಾದರೂ ಬರಬೇಕು. ಫಲಿತಾಂಶ ಕಳಿಸಿ ಎರಡು ತಿಂಗಳು ಕಾದಿದ್ದು ನಮಗೆ ನೆನಪಿದೆ. ಇಷ್ಟು ದಿನದೊಳಗೆ ಬಂದು ನೋಡುತ್ತೇವೆ ಅಂತ ಒಂದು ಗಡುವು ಇಟ್ಟುಕೊಳ್ಳಿ. ನಮ್ಮ ಪ್ರಕಾರ ಒಂದು ವಾರ ಸಾಕು.

ಮುಂಗಾರಿಗೆ ಮುಂಚೆ ಉತ್ತರ ಬೇಕು. ಮಳೆ ಹಿಡಿದ ಮೊದಲ ಹದಿನೈದು ದಿನವೇ ನೀರು ಕೆಡುವ ಹೊತ್ತು, ಬೇಸಿಗೆಯಲ್ಲಿ ನೆಲದ ಮೇಲೆ ಕೂಡಿದ್ದೆಲ್ಲ ಆಗ ಕೊಚ್ಚಿಕೊಂಡು ಬರುತ್ತದೆ. ಮೇ ತಿಂಗಳ ಮಧ್ಯಕ್ಕೆ ಬಾಟಲಿ ನಮ್ಮ ಕೈಯಲ್ಲಿದ್ದರೆ ಕೆಲಸಕ್ಕೆ ಬರುತ್ತದೆ. ಆಗಸ್ಟ್‌ನಲ್ಲಿ ಬಂದರೆ ಬರುವುದಿಲ್ಲ. ಹೋದ ತಿಂಗಳು ಶಾಲೆಯ ಮೇಷ್ಟ್ರು ತಮ್ಮ ಕೈಯಿಂದ ದುಡ್ಡು ಹಾಕಿ ಆರು ಬಾಟಲಿ ತರಿಸಿಕೊಟ್ಟರು. ಎರಡು ಬಳಸಿದ್ದೇವೆ. ನಾಲ್ಕು ಉಳಿದಿವೆ. ಅವುಗಳ ಅವಧಿ ಜೂನ್ ಕೊನೆಗೆ ಮುಗಿಯುತ್ತದೆ.

ಇಂತಿ,
ತೀರ್ಥಹಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ನೀರು ಸಮಿತಿಯ ಸದಸ್ಯೆ